ಒಣದ್ರಾಕ್ಷಿ ಹಾಕಿದ ಬ್ರೆಡ್ಡಿನ ತುಂಡು

"ಸೆಲೀನಾ..."

ಮಂಜಿನೊಳಗಿಂದ ಬಂದ ಆ ಕರೆಗೆ ಸೆಲೀನಾಳ ಕೈಯಲ್ಲಿದ್ದ ಕಾಡುಹಣ್ಣಿನ ಬಕೆಟ್ ಜಾರಿ ಬಿತ್ತು.

ಲಿಯಾಂಡರನ ದನಿ! ಮೂರು ವರ್ಷದ ಹಿಂದೆ, ಮದುವೆಗೆ ಹದಿನೈದು ದಿನವಿರುವಾಗ, ಹಣ್ಣು ಕೀಳಲು ಬಂದು ಇದೇ ಗುಡ್ಡದಲ್ಲಿ ಜಗಳವಾಡಿ ಹೋದವನು. "ಎಲ್ಲಾದರೂ ಹಾಳಾಗಿ ಹೋಗು!" ಎಂದು ಕೂಗಿದ್ದವಳು ಇವಳೇ.

ಓಗೊಡಲಿಲ್ಲ ಅವಳು. ನ್ಯೂಫೌಂಡ್‌ಲ್ಯಾಂಡಿನ ಈ ಬೋಳುಗುಡ್ಡದಲ್ಲಿ ಮಂಜು ಕವಿದಾಗ ಆಚೆ ಲೋಕದ 'ಒಳ್ಳೆ ಜನ' ಯಾರ ದನಿಯಲ್ಲಾದರೂ ಕರೆಯುತ್ತಾರೆ. ಒಳ್ಳೆಯವರು ಅನ್ನುವುದು ಬರೀ ಭಯಕ್ಕೆ! ಜೇಬಲ್ಲಿ ಬ್ರೆಡ್ಡಿನ ತುಂಡಿದ್ದರೆ ಅವರು ಹಿಡಿದೊಯ್ಯಲಾರರು; ಬ್ರೆಡ್ಡನ್ನು ಅವರು ಮುಟ್ಟುವುದೇ ಇಲ್ಲ. ದಾರಿ ತಪ್ಪಿದರೆ ಕೋಟನ್ನು ಒಳಮಗ್ಗುಲು ಹೊರಗೆ ಮಾಡಿ ಹಾಕಿಕೊಳ್ಳಬೇಕು. ಅಜ್ಜಿ ಹೇಳಿಕೊಟ್ಟಿದ್ದು ಇಷ್ಟೇ.

ಜೇಬು ತಡಕಿದಳು. ಬ್ರೆಡ್ ಇತ್ತು.

ಹತ್ತು ಹೆಜ್ಜೆ ದೂರದಲ್ಲಿ ಅವನು ಬಂದು ನಿಂತ. ಅದೇ ಹಸಿರು ಸ್ವೆಟರು. ಅವನ ಬಕೆಟ್ಟಿನಲ್ಲಿ ಈಗ ತಾನೇ ಕಿತ್ತಂಥ ಕೆಂಪು ಹಣ್ಣು. ಒಂದು ದಿನವೂ ವಯಸ್ಸಾಗಿರಲಿಲ್ಲ!

"ಹತ್ರ ಬರ್ಬೇಡ! ಲಿಯಾಂಡರ್ ನನ್ನ ಬಿಟ್ಟು ಹಡಗು ಹತ್ತಿ ಹೋದ. ಊರಿಗೆಲ್ಲ ಗೊತ್ತು."

"ಯಾವ ಹಡಗು? ಜಗಳ ಆಗಿ ಒಂದು ಗಂಟೇನೂ ಆಗಿಲ್ಲ ಕಣೇ! ಆಗ್ಲಿಂದ ನಿನ್ನೇ ಹುಡುಕ್ತಿದೀನಿ..."

'ಎದೆಯೇ, ನಂಬಬೇಡ...'

"ಹಾಗಾದ್ರೆ ಬ್ರೆಡ್ ತೋರ್ಸು."

ಅವನು ತಲೆ ತಗ್ಗಿಸಿದ. "ಇಲ್ಲ. ಬೆಳಿಗ್ಗೆ ನೀನು ಮರೆತು ಬಂದಿದ್ದೆ. ಬಗ್ಗಿ ಹಣ್ಣು ಕೀಳ್ತಿದ್ದಾಗ ನಂದನ್ನ ನಿನ್ನ ಜೇಬಿಗೆ ಹಾಕಿದೆ. ಹೇಳಿದ್ರೆ ಬಿಸಾಕ್ತಿದ್ದೆ, ಮೂಗಿನ ತುದೀಲೇ ಕೋಪ ನಿಂಗೆ. ಅಮ್ಮ ಮಾಡಿದ್ದು... ಒಣದ್ರಾಕ್ಷಿ ಹಾಕಿ."

ಸೆಲೀನಾಳಿಗೆ ನೆನಪಾಯಿತು. ಅವತ್ತು ಸಂಜೆ ಜೇಬಲ್ಲಿ ಸಿಕ್ಕ ಆ ತುಂಡು! ಅಜ್ಜಿ ಒಣದ್ರಾಕ್ಷಿ ಹಾಕುವುದೇ ಇಲ್ಲ. ಯಾರದೋ ಏನೋ ಎಂದು ಕೋಳಿಗೆ ಎಸೆದಿದ್ದಳು. ಅವನನ್ನು ಶಪಿಸುತ್ತಲೇ ಎಸೆದಿದ್ದಳು.

"ಲಿಯಾಂಡರ್... ಮೂರು ವರ್ಷ ಆಯ್ತು ಕಣೋ!"

ಅವನ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಅವನ ಬೆನ್ನ ಹಿಂದೆ ಸಣ್ಣ ನಗು ಕೇಳಿಸಿತು. ಒಂದಲ್ಲ, ಹತ್ತಾರು. ಹುಲ್ಲಿನ ಮೇಲೆ ಪುಟ್ಟ ಹೆಜ್ಜೆಗಳು ಓಡಿ ಬಂದವು.

ಅವಳು ಬ್ರೆಡ್ ಚಾಚಿದಳು. ಅವನು ಹಿಂದೆ ಸರಿದ.

"ಬೇಡ! ಇರೋದೊಂದೇ ತುಂಡು. ಕೊಟ್ರೆ ನೀನಿಲ್ಲೇ ಉಳೀತೀಯ. ಓಡು!"

"ಈ ಸಲಾನೂ ನಿನ್ನೊಬ್ಬಂದೇ ತೀರ್ಮಾನಾನಾ? ಬಾಯ್ಮುಚ್ಕೊಂಡು ಕೈ ತೂರ್ಸು!"

ಬ್ರೆಡ್ಡನ್ನು ಜೇಬಿಗೆ ತುರುಕಿ ಕೋಟನ್ನು ತಿರುವಿದಳು. ಒಂದು ತೋಳು ಅವನಿಗೆ, ಒಂದು ತೋಳು ಅವಳಿಗೆ. ಹೊರಗಿದ್ದ ಜೇಬು ಈಗ ಒಳಗೆ ಬಂತು. ಬ್ರೆಡ್ಡಿನ ತುಂಡು ಇಬ್ಬರ ಪಕ್ಕೆಯ ನಡುವೆ ಒತ್ತಿತು.

ಒಂದೊಂದೇ ಹೆಜ್ಜೆ ಇಟ್ಟರು. ಐಸಿನಂಥ ಬೆರಳುಗಳು ಕೋಟಿನ ಅಂಚನ್ನು ಎಳೆದವು.

"ಸೆಲೀನಾ! ನಾನಿಲ್ಲಿದೀನಿ... ನಿನ್ನ ಜೊತೆ ಇರೋನು ನಾನಲ್ಲ!"

ಲಿಯಾಂಡರನದೇ ದನಿ, ಹಿಂದಿನಿಂದ! ಪಕ್ಕದಲ್ಲಿದ್ದವನ ತುಟಿ ಮುಚ್ಚಿತ್ತು. ಅವಳು ತಟ್ಟನೆ ನಿಂತಳು. ಆದರೆ ಪಕ್ಕೆಗೆ ಒತ್ತಿದ ಬ್ರೆಡ್ಡನ್ನು ಅವನು ತನ್ನತ್ತ ಇನ್ನಷ್ಟು ಒತ್ತಿಕೊಂಡ. ಅವರಾಗಿದ್ದರೆ ಅದನ್ನು ಮುಟ್ಟುತ್ತಿದ್ದರೇ?

ಅವಳು ತಿರುಗಿ ನೋಡಲಿಲ್ಲ.

ಚರ್ಚಿನ ಗಂಟೆ ಕೇಳಿಸಿತು. ಮಂಜು ಸರಿದು ಕೆಳಗೆ ಊರು ಕಂಡಿತು. ಅವನ ಬಕೆಟ್ಟಿನ ಹಣ್ಣೆಲ್ಲ ಒಣಗಿ ಪುಡಿಯಾಗಿತ್ತು.

ಸೆಲೀನಾ ಗುಡ್ಡದತ್ತ ತಿರುಗಿ ಗಂಟಲು ಹರಿಯುವಂತೆ ಕೂಗಿದಳು. "ಅವತ್ತು ನಾನಂದಿದ್ದನ್ನ ಕೇಳಿಸ್ಕೊಂಡ್ರಲ್ಲ, ಇದನ್ನೂ ಕೇಳಿ! ಇವನು ನಂಗೆ ಬೇಕು!"

ಲಿಯಾಂಡರ್ ಕಣ್ಣೊರೆಸಿಕೊಂಡ. "ಈಗ ಕೋಟು ಬಿಚ್ಲಾ?"

"ಮನೆ ಸೇರೋವರೆಗೂ ಬೇಡ," ಎಂದಳು. "ಆಮೇಲೂ ಬೇಡ."