ಮಗ್ಗಕ್ಕಿಳಿದ ಮೃಗಗಳು

ಅಜ್ಜಂದಿರ ಅಜ್ಜಂದಿರಿಗೂ ಹಿಂದಿನ ಮಾತು. ಹೊಳಲಾವತಿ ಎಂಬ ರಾಜ್ಯದ ಪೇಟೆಬೀದಿಯಲ್ಲಿ ಮಾಯಾವಿಯೊಬ್ಬ ಆಳೆತ್ತರದ ಕನ್ನಡಿಯನ್ನು ನಿಲ್ಲಿಸಿದ್ದ. ಸಂಜೆಯಾದರೆ ಸಾಕು, ಕನ್ನಡಿಯೊಳಗಿನ ಆಕಾಶದಲ್ಲಿ ಬಣ್ಣಬಣ್ಣದ ಮೃಗಗಳು ಸಾಲುಗಟ್ಟಿ ಕಾಣಿಸುತ್ತಿದ್ದವು. ಊಳಿಡುತ್ತ ಎಡಕ್ಕೆ ನಡೆದು, ಬಲಕ್ಕೆ ನಡೆದು, ಒಂದು ಮೆಟ್ಟಿಲು ಕೆಳಗಿಳಿಯುತ್ತಿದ್ದವು. ತಳದಲ್ಲಿ ಒಂದು ಬಿಲ್ಲಿತ್ತು, ಅದರ ಹಿಡಿ ಕನ್ನಡಿಯ ಹೊರಗಿತ್ತು. ಮೃಗಗಳು ನೆಲ ಮುಟ್ಟಿದರೆ ಊರನ್ನೇ ನುಂಗುತ್ತವೆ ಎಂದು ಮಾಯಾವಿ ಹೇಳಿದ, ದೊರೆ ನಂಬಿದ. ದೊರೆಯೇ ನಂಬಿದ ಮೇಲೆ ಪ್ರಜೆಗಳದ್ದೇನು? ಸರದಿಯಲ್ಲಿ ನಿಂತು ಬಾಣ ಬಿಟ್ಟರು. ಗುರಿ ತಪ್ಪಿದವರನ್ನು ಕನ್ನಡಿ ಒಳಗೆಳೆದುಕೊಳ್ಳುತ್ತಿತ್ತು.

ನೇಕಾರರ ದೇಮವ್ವನ ತಮ್ಮ ಮಲ್ಲೇಶಿಯೂ ಹಾಗೆಯೇ ಹೋದ. ಅವಳಿಗಿದ್ದವನು ಅವನೊಬ್ಬನೇ. ಮರುದಿನ ಸಂಜೆ ಅವಳು ಕನ್ನಡಿಯ ಮುಂದೆ ನಿಂತಾಗ, ಮೇಲಿನ ಸಾಲಿನ ತುದಿಯಲ್ಲಿ ಹೊಸ ಮೃಗವೊಂದು ಎಡಗಾಲೆಳೆದು ನಡೆಯುತ್ತಿತ್ತು. ಮಲ್ಲೇಶಿ ಹುಟ್ಟಿನಿಂದ ನಡೆಯುತ್ತಿದ್ದದ್ದೇ ಹಾಗೆ.

ಅವು ಮೃಗಗಳಲ್ಲ, ನಮ್ಮವರೇ ಎಂದು ಅವಳು ಬೀದಿಯಲ್ಲಿ ಕಂಡಕಂಡವರಿಗೆ ಹೇಳಿದಳು. ದುಃಖಕ್ಕೆ ತಲೆ ಕೆಟ್ಟಿದೆ ಎಂದರು. ದಳವಾಯಿ ದುಗ್ಗಣ್ಣನ ಹೆಂಡತಿಯನ್ನೂ ಕನ್ನಡಿ ಎಳೆದುಕೊಂಡಿತ್ತು. ಆ ಸಿಟ್ಟಿಗೆ ಅವನು ಪ್ರತಿ ಸಂಜೆ ಬಿಲ್ಲು ಹಿಡಿದು, ಊರಿಗೇ ಹೆಸರಾದ ಗುರಿಕಾರನಾಗಿದ್ದ.

"ಅಳಬೇಡವ್ವ. ನಿನ್ನ ತಮ್ಮನ ಸೇಡನ್ನೂ ನಾನೇ ತೀರಿಸುತ್ತೇನೆ" ಎಂದು ಅವನು ಅವಳನ್ನು ಸಮಾಧಾನಪಡಿಸಿದ.

ದೇಮವ್ವ ನೇರ ಮಾಯಾವಿಯ ಬಳಿಗೇ ಹೋಗಿ ತಮ್ಮನನ್ನು ಬಿಡು ಎಂದು ಕೇಳಿದಳು. ಅವನಿಗೆ ನಗು ಬಂತು. ಜಂಬಗಾರರಿಗೆ ಗುಟ್ಟು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

"ಈ ಸಾಲುಗಳೆಲ್ಲ ಬೇರೊಂದು ಕಡೆ ನಡೆದಾಡಿದರೆ ನನ್ನ ಕನ್ನಡಿ ಉಳಿಯದು" ಎಂದ. "ಮೂರು ಸಂಜೆ ಕೊಟ್ಟಿದ್ದೇನೆ. ನಿನ್ನ ಕುಣಿಮಗ್ಗದಲ್ಲಿ ಇಷ್ಟು ದೊಡ್ಡ ಆಕಾಶ ಹಿಡಿಸುವುದಾದರೆ ಒಯ್ಯಿ."

ಮಗ್ಗ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಗೇಣಗಲದ ಪಟ್ಟಿ ನೇಯುವಂಥದ್ದು. ಮನೆಯಲ್ಲಿದ್ದ ನೂಲೂ ಅಷ್ಟಕ್ಕಷ್ಟೇ. ಮೊದಲ ಸಂಜೆ ಅವಳು ಮೃಗಗಳನ್ನು ಕಣ್ಣಲ್ಲಿ ತುಂಬಿಕೊಂಡು ಬಂದು ನೇಯಲು ಕೂತಳು. ಬಣ್ಣದ ನೂಲು ಸಾಲಲಿಲ್ಲ. ಬಣ್ಣ ಬಿಟ್ಟಳು, ಬೂದು ನೂಲಿನಲ್ಲೇ ನೇಯ್ದಳು. ಬಟ್ಟೆಯ ಮೇಲೆ ಕೆಳಗಿನ ಸಾಲು ಕದಲಿತು.

ಎರಡನೆಯ ಸಂಜೆ ದುಗ್ಗಣ್ಣ ಅರ್ಧ ಮೃಗಗಳನ್ನು ಹೊಡೆದುರುಳಿಸಿದ್ದ. ಕಡಿಮೆಯಾದಷ್ಟೂ ಉಳಿದವುಗಳ ನಡಿಗೆ ಬಿರುಸಾಗುತ್ತಿತ್ತು. ಅವುಗಳ ದನಿಗೆ ಮಗ್ಗದಲ್ಲಿ ಜಾಗ ಸಿಗಲಿಲ್ಲ. ದನಿಯನ್ನೂ ಬಿಟ್ಟಳು. ನಡುವಿನ ಸಾಲು ಕದಲಿತು.

ಮೂರನೆಯ ಸಂಜೆ ಲಾಳಿಯಲ್ಲಿ ಒಂದೇ ಒಂದು ಎಳೆ ನೂಲು ಉಳಿದಿತ್ತು. ನೇಯಬೇಕಾದದ್ದು ಎರಡು: ಮಲ್ಲೇಶಿಯಿದ್ದ ಮೇಲಿನ ಸಾಲು, ತಳದ ಬಿಲ್ಲು. ಬಿಲ್ಲಿಲ್ಲದಿದ್ದರೆ ಮೃಗಗಳನ್ನು ತಡೆಯುವವರಿಲ್ಲ. ಮಾಯಾವಿ ಕಿಟಕಿಯಲ್ಲಿ ಇಣುಕಿದ.

"ಬಿಲ್ಲು ಬಿಟ್ಟೀಯೆ? ಇಳಿದು ಬಂದು ಮೊದಲು ನಿನ್ನನ್ನೇ ತಿನ್ನುತ್ತವೆ."

"ತಿನ್ನಲಿ" ಎಂದಳು ದೇಮವ್ವ. "ಅವನಿಲ್ಲದ ಮನೆಯಲ್ಲಿ ನಾನಿದ್ದೇನು ಮಾಡಲಿ?"

ಅವಳಿಗೆ ಹೆದರಿಕೆಯಿರಲಿಲ್ಲ ಎಂದರೆ ಸುಳ್ಳಾದೀತು. ಆದರೂ ಮೇಲಿನ ಸಾಲು ನೇಯ್ದು, ಮಗ್ಗದ ಕುಣಿಯಲ್ಲಿ ಕಣ್ಣು ಮುಚ್ಚಿ ಕೂತಳು. ಮೃಗಗಳು ಎಡಕ್ಕೆ ನಡೆದವು, ಬಲಕ್ಕೆ ನಡೆದವು, ಒಂದು ಮೆಟ್ಟಿಲಿಳಿದವು. ತಡೆಯುವ ಬಾಣವಿರಲಿಲ್ಲ. ಮೊದಲ ಮೃಗ ಬಟ್ಟೆಯ ಅಂಚು ದಾಟಿ ನೆಲಕ್ಕೆ ಕಾಲಿಟ್ಟಿತು. ನೆಲ ಮುಟ್ಟಿದ್ದು ಹೆಂಗಸಿನ ಪಾದ. ಅದರ ಹಿಂದೆ ಒಬ್ಬ ಮುದುಕ, ಆಮೇಲೆ ಇನ್ನೊಬ್ಬರು, ಮತ್ತೊಬ್ಬರು.

ಅವರು ಯಾರನ್ನೂ ತಿನ್ನಲು ಇಳಿಯುತ್ತಿರಲಿಲ್ಲ. ಮನೆಗೆ ಬರಲು ಇಳಿಯುತ್ತಿದ್ದರು.

ಕಡೆಗೆ ಮಲ್ಲೇಶಿ ಎಡಗಾಲೆಳೆದುಕೊಂಡು ಇಳಿದ. ಪೇಟೆಯಲ್ಲಿ ಕನ್ನಡಿ ಚೂರುಚೂರಾಯಿತು. ಕಿಟಕಿಯ ಬಳಿಯಿದ್ದ ಮಾಯಾವಿ ಬೂದಿಯಾಗಿ ಉದುರಿದ. ದೇಮವ್ವ ತಮ್ಮನ ಮುಖ ಹಿಡಿದುಕೊಂಡಳು. ಮುಖದಲ್ಲಿ ಬಣ್ಣವಿರಲಿಲ್ಲ. ಅಕ್ಕಾ ಎನ್ನಲು ಬಾಯಿ ತೆರೆದ, ದನಿ ಹೊರಡಲಿಲ್ಲ. ಬಿಟ್ಟದ್ದು ತಾನೇ ಎಂದು ನೆನೆದು ಅವಳು ಬಿಕ್ಕಿಬಿಕ್ಕಿ ಅತ್ತಳು. ಅವನು ಅವಳ ಕಣ್ಣೊರೆಸಿದ.

ಸುದ್ದಿ ಕೇಳಿ ಊರೆಲ್ಲ ಓಡಿಬಂತು. ತಮ್ಮವರು ಸಿಕ್ಕವರು ತಬ್ಬಿಕೊಂಡು ಮನೆಗೆ ಕರೆದೊಯ್ದರು. ಕೊನೆಗೆ ಬಾಗಿಲಲ್ಲಿ ದುಗ್ಗಣ್ಣನೊಬ್ಬ ಉಳಿದ.

"ಇನ್ನೂ ಯಾರಾದರೂ ಇಳಿಯುವುದಿದೆಯೇ, ತಾಯಿ?" ಎಂದು ಕೇಳಿದ.

ದೇಮವ್ವ ಬಟ್ಟೆಯತ್ತ ನೋಡಿದಳು. ಅದು ಬರಿದಾಗಿತ್ತು.

"ಇಷ್ಟೇ ಜನ, ದಳವಾಯಿಗಳೇ" ಎಂದಳು.

ಅವನು ಹೊಸ್ತಿಲ ಮೇಲೆ ಕುಸಿದು ಕೂತ. ಮಲ್ಲೇಶಿ ಹೋಗಿ ಅವನ ಪಕ್ಕದಲ್ಲಿ ಕೂತ.

ಬಂದವರು ತಮ್ಮವರೊಡನೆ ಉಂಡು ಉಟ್ಟು ಸುಖವಾಗಿದ್ದರು. ಹೊಳಲಾವತಿಯಲ್ಲಿ ಆಮೇಲೆ ಯಾರೂ ಯಾರ ಗುರಿಯನ್ನೂ ಹೊಗಳಲಿಲ್ಲ.