ಕಿರುಚಿದ್ದು ಯಾರು?

"ನಿನ್ನೆ ನಿಮ್ಮಮ್ಮನ್ನ ಹೇಗೆ ಕೊಂದ್ರೇ?"

ಸ್ಕೂಲ್ ಗೇಟಿನಲ್ಲೇ ಯುಗೆಟ್ ಕೇಳಿದಳು. ಸುತ್ತ ನಿಂತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು.

"ಕತ್ತು ಹಿಸುಕಿ," ಎಂದಳು ಸೊಲಾಂಜ್. ಮುಚ್ಚಿಟ್ಟು ಏನು ಪ್ರಯೋಜನ? ಬೀದಿ ತುಂಬ ಪೋಸ್ಟರ್ ಇತ್ತು.

ಅವಳ ಅಮ್ಮ ಲಿಯೋನಿ 'ಕರಿ ಲಾಟೀನು' ಥಿಯೇಟರಿನ ನಟಿ. ಅಲ್ಲಿ ಆಡುವುದೆಲ್ಲ ಭಯದ ನಾಟಕಗಳೇ. ಹೆದರಿಕೊಳ್ಳಲೆಂದೇ ಪ್ಯಾರಿಸ್ಸಿನ ಜನ ಟಿಕೆಟ್ ಕೊಂಡು ಬರುತ್ತಿದ್ದರು. ದಿನಾ ಸಂಜೆ ಯಾರಾದರೊಬ್ಬರು ಲಿಯೋನಿಯನ್ನು ಕೊಲ್ಲಲೇಬೇಕು.

"ಹೆಣದ ಮಗಳು!" ಎಂದಳು ಯುಗೆಟ್.

ಸೊಲಾಂಜಳ ಕಿವಿ ಬಿಸಿಯಾಯಿತು. "ನೋಡ್ತಿರು! ನಮ್ಮ ಥಿಯೇಟರಲ್ಲೇ ಸಿನಿಮಾ ತೆಗೀತಿದ್ದಾರೆ. ಮಾತಾಡೋ ಸಿನಿಮಾ! ನಮ್ಮಮ್ಮನೇ ಹೀರೋಯಿನ್!"

ಸಿನಿಮಾ ನಿಜ. ಹೀರೋಯಿನ್ ಸುಳ್ಳು. ಆದರೆ ಮಾತು ಬಾಯಿಂದ ಜಾರಿಬಿಟ್ಟಿತ್ತು.

ಗುರುವಾರ ಸ್ಕೂಲಿಗೆ ರಜೆ. ಸೊಲಾಂಜ್ ಶೂಟಿಂಗ್ ನೋಡಲು ಹೋದಳು. ಒಂದು ಥಿಯೇಟರಿನಲ್ಲಿ ನಟರೆಲ್ಲ ಒಬ್ಬೊಬ್ಬರಾಗಿ ನಿಜವಾಗಿಯೇ ಸಾಯುತ್ತಾರೆ, ಕೊಲೆಗಾರ ಯಾರು? ಅದೇ ಸಿನಿಮಾದ ಕತೆ. ಅಮ್ಮನ ಪಾತ್ರ ಮರದ ಪೆಟ್ಟಿಗೆಯೊಳಗಿನ ಹೆಣ. ಕ್ಯಾಮೆರಾಗೆ ಅವಳ ಕಾಲು ಮಾತ್ರ ಕಾಣುತ್ತಿತ್ತು.

ಹೀರೋಯಿನ್ ವಿವಿಯಾನ್ ಪೆಟ್ಟಿಗೆಯ ಮುಚ್ಚಳ ತೆಗೆದು ಕಿರುಚಬೇಕಿತ್ತು. ಅವಳು ಬಾಯಿ ತೆರೆದಳು. "ಕೀ..." ಎಂದಿತು ಗಂಟಲು.

ನಿರ್ದೇಶಕರು ತಲೆ ಹಿಡಿದುಕೊಂಡರು. "ಅಮ್ಮಾ ತಾಯಿ, ಹೆಣ ನೋಡಿದ್ದೀರಿ, ಇಲಿಮರಿಯಲ್ಲ!"

ಮತ್ತೆ ಮತ್ತೆ ಪ್ರಯತ್ನಿಸಿದರು. ವಿವಿಯಾನ್‌ಗೆ ಅಳುವೇ ಬಂತು. ಆಗ ಪೆಟ್ಟಿಗೆಯಿಂದ ಹೆಣ ಎದ್ದು ಕೂತಿತು.

"ಅಳಬೇಡಿ. ನಿಮ್ಮ ಬದಲು ನಾನು ಕಿರುಚಲಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಕಾಲಿನ ದೃಶ್ಯ ಆಗಲೇ ತೆಗೆದಾಗಿತ್ತು. ಅಮ್ಮ ಪರದೆಯ ಹಿಂದೆ ಮೈಕಿನ ಮುಂದೆ ನಿಂತಳು. ವಿವಿಯಾನ್ ಬಾಯಿ ತೆರೆದಳು. ಅಮ್ಮ ಕಿರುಚಿದಳು.

ಆಮೇಲೆ ಯಾರೂ ನಗಲಿಲ್ಲ. ಏಣಿಯ ಮೇಲಿದ್ದ ಲೈಟಿನವನು ಶಿಲುಬೆಯ ಗುರುತು ಮಾಡಿಕೊಂಡ. ಎಷ್ಟೋ ಸಲ ಆ ದನಿ ಕೇಳಿದ್ದ ಸೊಲಾಂಜಳಿಗೂ ಮೈ ಜುಂ ಎಂದಿತು.

"ಯಾರಿಗೂ ಹೇಳ್ಬೇಡ ಮರಿ," ಎಂದಳು ಅಮ್ಮ ನೀರು ಕುಡಿಯುತ್ತ. "ಆ ಹುಡುಗಿಗೆ ಮಾತು ಕೊಟ್ಟಿದ್ದೀನಿ."

ಚಳಿಗಾಲದಲ್ಲಿ ಸಿನಿಮಾ ಬಂತು. ಭಾನುವಾರ ಕ್ಲಾಸಿನ ಹುಡುಗಿಯರು ಒಟ್ಟಿಗೆ ಹೋದರು. ಪೆಟ್ಟಿಗೆ ತೆರೆಯಿತು. ಕಿರುಚಾಟ ಕೇಳಿದ್ದೇ ತಡ, ಯುಗೆಟ್ ಸೊಲಾಂಜಳ ತೋಳಿಗೆ ಉಗುರು ಊರಿದಳು. ಸಿನಿಮಾ ಮುಗಿಯುವವರೆಗೂ ಬಿಡಲಿಲ್ಲ.

ಹೊರಗೆ ಬಂದ ಮೇಲೆ ಅವಳಿಗೆ ಧೈರ್ಯ ಮರಳಿತು. "ಎಲ್ಲೇ ನಿಮ್ಮಮ್ಮ? ಹೀರೋಯಿನ್ ಅಂದಿದ್ದೆ?"

"ಸುಳ್ಳು ಹೇಳಿದ್ದೆ. ಪೆಟ್ಟಿಗೇಲಿ ಕಾಲು ಕಾಣಿಸ್ತಲ್ಲ, ಅದು ಅಮ್ಮಂದು."

"ಮತ್ತೆ ಹೆಣಾನೇ! ಆದ್ರೆ ಆ ವಿವಿಯಾನ್ ಕಿರುಚಿದ್ಲಲ್ಲ, ಅಬ್ಬಾ! ನಿಮ್ಮಮ್ಮಂಗೆ ಬರುತ್ತಾ ಹಾಗೆ?"

ಉತ್ತರ ಸೊಲಾಂಜಳ ನಾಲಿಗೆಯ ತುದಿಗೆ ಬಂತು. ತುಟಿ ಕಚ್ಚಿಕೊಂಡಳು.

"ಚೆನ್ನಾಗಿ ಕಿರುಚಿದ್ಲು, ಅಲ್ವಾ?" ಎಂದಳು ಅಷ್ಟೆ.

ಬೀದಿಯ ತುದಿಯಲ್ಲಿ ಅಮ್ಮ ಬಿಸಿಬಿಸಿ ಹುರಿದ ಚೆಸ್ಟ್‌ನಟ್ ಬೀಜದ ಪೊಟ್ಟಣ ಹಿಡಿದು ಕಾಯುತ್ತಿದ್ದಳು. ಇಬ್ಬರೂ ತಿನ್ನುತ್ತ ಮನೆಯ ಕಡೆ ನಡೆದರು.

"ಅಮ್ಮಾ, ಅದು ಹೇಗೆ ಹಾಗೆ ಕಿರುಚ್ತೀಯ?"

ಅಮ್ಮ ಇನ್ನೊಂದು ಬೀಜ ಸುಲಿದಳು. "ನೀನು ಪುಟ್ಟೋಳಿದ್ದಾಗ ಮಾರ್ಕೆಟ್ಟಲ್ಲಿ ನನ್ನ ಕೈ ಬಿಡಿಸ್ಕೊಂಡು ಓಡ್ಬಿಟ್ಟೆ. ಮೀನಂಗಡಿ ಹಿಂದೆ ಬೆಕ್ಕಿನ ಜೊತೆ ಆಡ್ತಾ ಕೂತಿದ್ದೆ. ನೀನು ಸಿಗೋವರೆಗೂ ನನ್ನ ಬಾಯಿಂದ ದನಿಯೇ ಹೊರಡ್ಲಿಲ್ಲ ಕಣೇ. ಅವತ್ತಿನ ಕೂಗು ಗಂಟಲಲ್ಲೇ ಉಳೀತಲ್ಲ, ಅದನ್ನೇ ದಿನಾ ಒಂದಿಷ್ಟು ಕಿರುಚ್ತೀನಿ."

 ದೊಡ್ಡವಳಾದೆನೆಂದು ಬೀದಿಯಲ್ಲಿ ಅಮ್ಮನ ಕೈ ಹಿಡಿಯುವುದನ್ನು ಸೊಲಾಂಜ್ ಯಾವಾಗಲೋ ಬಿಟ್ಟಿದ್ದಳು.

ರಸ್ತೆ ದಾಟುವ ಮೊದಲು ತನ್ನ ಕೈಯನ್ನು ಮೆಲ್ಲಗೆ ಅಮ್ಮನ ಕೋಟಿನ ಜೇಬಿಗೆ ತೂರಿಸಿದಳು. ಅಮ್ಮನ ಕೈ ಅಲ್ಲೇ ಇತ್ತು, ಬೆಚ್ಚಗೆ.