ಆನೆಗಾಡಿ ಯಾರ ಪಾಲಿಗೆ?

"ಅದು ನಂದು. ನಾನು ಮೊದಲು ನೋಡಿದ್ದು."

ಅವಳ ಮಾತು ಮುಗಿಯುವಷ್ಟರಲ್ಲಿ ಆನೆಗಾಡಿ ಬೇರೊಬ್ಬನ ಕೈ ಸೇರಿಯಾಗಿತ್ತು.

ಹಳೇ ಸಾಮಾನಿನ ಬಜಾರು. ನೆಲದ ಮೇಲೆ ಹಾಸಿದ ಟಾರ್ಪಾಲಿನ ಮೇಲೆ ಕೆಟ್ಟ ರೇಡಿಯೋ, ಹಿಡಿ ಮುರಿದ ಇಸ್ತ್ರಿಪೆಟ್ಟಿಗೆ, ಜೋಡಿ ಕಳೆದುಕೊಂಡ ಬೂಟುಗಳ ನಡುವೆ ಅದು ಕೂತಿತ್ತು. ಅಂಗೈಯಗಲದ ಕೆಂಪು ಫೈರ್ ಎಂಜಿನ್. ಏಣಿ ಇರಬೇಕಾದ ಕಡೆ ಬೂದು ಬಣ್ಣದ ಸೊಂಡಿಲು, ಬಾಗಿಲಿರಬೇಕಾದ ಕಡೆ ಎರಡು ಅಗಲ ಕಿವಿ. ಅವಳು ಚಿಕ್ಕವಳಿದ್ದಾಗ ಟೀವಿಯಲ್ಲಿ ಬರುತ್ತಿದ್ದ ಕಾರ್ಟೂನಿನ ಗಾಡಿ. ಸಂಜೆ ಆ ಗಾಡಿ ಮಾತಾಡುವುದು ಕಿವಿಗೆ ಬಿದ್ದರೆ ಸಾಕು, ಆಟ ಅರ್ಧಕ್ಕೇ ಬಿಟ್ಟು ಓಡಿಬರುತ್ತಿದ್ದಳು.

ಹಳೇ ಕಾರ್ಟೂನುಗಳ ಗಾಡಿಗಳನ್ನು ಆಟಿಕೆಯ ರೂಪದಲ್ಲಿ ಕೂಡಿಹಾಕುವುದು ಅವಳ ಹುಚ್ಚು. ಪತ್ತೇದಾರಿ ಇಲಿಯ ಕಾರು, ಪೆದ್ದ ಕಳ್ಳರಿಬ್ಬರ ಹಾರುವ ಸ್ನಾನದ ತೊಟ್ಟಿ, ಮೀನಿನ ಮೂತಿಯ ಸಬ್‌ಮೆರೀನ್... ಕೋಣೆಯ ಒಂದು ಗೋಡೆ ಪೂರ್ತಿ ಅವೇ. ಹಿಂದೊಮ್ಮೆ ಮದುವೆಯ ಮಾತು ನಡೆದಿದ್ದವನೊಬ್ಬ, ಮದುವೆಯಾದ ಮೇಲೆ ಇವನ್ನೆಲ್ಲ ಯಾರಿಗಾದರೂ ಕೊಟ್ಟುಬಿಡಬೇಕು ಎಂದಿದ್ದ. ಅವಳು ಗಾಡಿಗಳನ್ನು ಇಟ್ಟುಕೊಂಡು ಅವನನ್ನು ಬಿಟ್ಟಿದ್ದಳು. ಅದಕ್ಕಾಗಿ ಒಂದು ದಿನವೂ ಮರುಗಿದವಳಲ್ಲ.

ಆ ಗೋಡೆಗೆ ಆನೆಗಾಡಿ ಮಾತ್ರ ಸಿಕ್ಕಿರಲಿಲ್ಲ.

ಈಗ ಅದನ್ನು ಹಿಡಿದು ನಿಂತಿದ್ದವನು ತೆಳ್ಳಗಿದ್ದ, ಕನ್ನಡಕ ಹಾಕಿದ್ದ. ಅವಳು ಬಿಡಲಿಲ್ಲ. ಬದಲಿಗೆ ಇಲಿಯ ಕಾರು ಕೊಡುತ್ತೇನೆಂದಳು, ಹಾರುವ ತೊಟ್ಟಿಯನ್ನೂ ಸೇರಿಸಿದಳು. ಅವನು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡ.

"ಕ್ಷಮಿಸಿ. ಇದೊಂದನ್ನ ಕೊಡೋಕಾಗಲ್ಲ."

ಯಾಕೆಂದು ಕೇಳಿದಳು. ಅವನು ಬಜಾರಿನವನಿಗೆ ದುಡ್ಡು ಕೊಟ್ಟ. ಗಾಡಿಯನ್ನು ಕರವಸ್ತ್ರದಲ್ಲಿ ಜೋಪಾನವಾಗಿ ಸುತ್ತಿಕೊಂಡು ಜನರ ನಡುವೆ ಮರೆಯಾದ.

'ಎಂಥಾ ಬಿಗುಮಾನ...' ಎಂದುಕೊಂಡಳು. ಮೈಯೆಲ್ಲ ಉರಿಯುತ್ತಿತ್ತು. ಆದರೆ ಆ ಬೆರಳುಗಳು ಕರವಸ್ತ್ರ ಸುತ್ತಿದ ರೀತಿ ಮಾತ್ರ, ಬೇಡವೆಂದರೂ, ಮನಸ್ಸಿನಲ್ಲೇ ಉಳಿಯಿತು.

ಅವಳದು ಡ್ರೈವಿಂಗ್ ಸ್ಕೂಲು. ಆಫೀಸು ನೋಡಿಕೊಳ್ಳುವುದು ಅಕ್ಕ, ರಸ್ತೆಯ ಮೇಲೆ ಕಲಿಸುವುದು ಇವಳು. ಊರವರ ಬಾಯಲ್ಲಿ ಅವಳು ಡ್ರೈವಿಂಗ್ ಮೇಡಂ. ಮಾರನೇ ಬೆಳಿಗ್ಗೆ ಹೊಸಬರೊಬ್ಬರು ಕಾರಿನಲ್ಲಿ ಕಾಯುತ್ತಿದ್ದಾರೆಂದು ಅಕ್ಕ ಹೇಳಿದಳು. ಹೋಗಿ ಬಾಗಿಲು ತೆಗೆದರೆ, ಸ್ಟಿಯರಿಂಗ್ ಹಿಡಿದು ಕೂತಿದ್ದವನು ಅವನೇ!

ಅವನ ಮುಖದ ಬಣ್ಣ ಇಳಿದುಹೋಯಿತು. ಬೇರೆ ಕಡೆ ಕಲಿಯುತ್ತೇನೆಂದು ಎದ್ದೇಳಲು ಹೊರಟ.

"ಕೂತ್ಕೊಳ್ಳಿ. ಬೆಲ್ಟ್ ಹಾಕ್ಕೊಳ್ಳಿ," ಎಂದಳು ಅವಳು. "ಜಗಳ ನಿಂತ ಗಾಡೀಲಿ ಆಡೋಣ. ಓಡೋ ಗಾಡೀಲಿ ರಸ್ತೆ ಮಾತ್ರ ನೋಡಿ."

ಅವನು ಕನ್ನಡಕದ ಅಂಗಡಿಯವನು. ಅಂಗಡಿಯ ಮೇಲಿನ ಮನೆಯಲ್ಲಿ ತಾಯಿ, ಮಗ ಇಬ್ಬರೇ. ತಾಯಿಗೆ ಮಂಡಿನೋವು, ಬಸ್ಸು ಹತ್ತಲಾಗುವುದಿಲ್ಲ. ಅವರನ್ನು ನಾಲ್ಕು ಕಡೆ ಕರೆದುಕೊಂಡು ಹೋಗಬೇಕೆಂದು ಕಲಿಯಲು ಬಂದಿದ್ದ. ಇಷ್ಟು ತಿಳಿಯಲು ಅವಳಿಗೆ ಒಂದು ವಾರ ಹಿಡಿಯಿತು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಮನುಷ್ಯ.

ಇನ್ನು ಅವನ ಡ್ರೈವಿಂಗು ದೇವರಿಗೇ ಪ್ರೀತಿ. ಎದುರಿಗೆ ಬಂದ ಸೈಕಲ್ಲಿಗೂ ದಾರಿ ಬಿಟ್ಟು ನಿಲ್ಲುತ್ತಿದ್ದ. ಒಂದು ದಿನ ವೃತ್ತದಲ್ಲಿ ಎಲ್ಲರಿಗೂ ದಾರಿ ಬಿಟ್ಟು ಬಿಟ್ಟು, ಕೊನೆಗೆ ಇವರ ಕಾರೊಂದೇ ಉಳಿಯಿತು.

"ಹೀಗಾದ್ರೆ ನಿಮ್ಮಮ್ಮ ಊರು ನೋಡೋದು ಯಾವಾಗ?"

"ಅಮ್ಮನಿಗೂ ಅಂಥಾ ಅವಸರ ಏನಿಲ್ಲ, ಮೇಡಂ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಮೊದಲ ಸಲ ಅವನು ನಕ್ಕಿದ್ದು ಅಂದು. ಹಿಂದಿನಿಂದ ಯಾರೋ ಹಾರ್ನ್ ಹೊಡೆಯುವವರೆಗೂ ಗಾಡಿ ಅಲ್ಲೇ ನಿಂತಿತ್ತು, ಅದನ್ನು ಗಮನಿಸಬೇಕಾದ ಮೇಡಮ್ಮೇ ಗಮನಿಸಿರಲಿಲ್ಲ.

ದಿನ ಹೋದಂತೆ ಬೆಳಗಿನ ಆ ಪಾಠಕ್ಕೆ ಅವಳು ಬೇಗ ಬಂದು ಕಾಯತೊಡಗಿದಳು. ಅವನು ಅವಳ ಗೋಡೆಯ ಬಗ್ಗೆ ಕೇಳಿದ. ಬೇರೆಯವರು ಕೇಳುವಂತೆ ಎಷ್ಟಿವೆ, ಯಾಕಿವೆ ಎಂದಲ್ಲ. ಸಬ್‌ಮೆರೀನಿನ ಬಾಯಿ ತೆರೆಯುತ್ತದೆಯೇ, ತೊಟ್ಟಿಯ ನಲ್ಲಿ ತಿರುಗುತ್ತದೆಯೇ ಎಂದು. ಅವಳು ಫೋಟೋ ತೋರಿಸಿದಳು. ಎಲ್ಲಕ್ಕಿಂತ ಯಾವುದು ಇಷ್ಟ ಎಂದ. ಅದು ನಿಮ್ಮ ಮನೆಯಲ್ಲಿದೆಯಲ್ಲ ಎಂದಳು, ಮುಲಾಜಿಲ್ಲದೆ.

ಅವನು ನಗಲಿಲ್ಲ. ಅಷ್ಟು ಇಷ್ಟ ಯಾಕೆ ಎಂದು ಮೆಲ್ಲಗೆ ಕೇಳಿದ.

ಅವಳು ಕಾರು ನಿಲ್ಲಿಸಲು ಹೇಳಿದಳು. ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದಳು. ಅಮ್ಮ ಆಸ್ಪತ್ರೆಯಲ್ಲಿದ್ದ ವರ್ಷ ಅವಳೂ ಅಕ್ಕನೂ ಸಂಜೆಗಳನ್ನು ಇಬ್ಬರೇ ಕಳೆಯುತ್ತಿದ್ದರು. ಅಪ್ಪ ಬರುವುದು ತಡವಾಗುತ್ತಿತ್ತು. ಆಗ ಟೀವಿಯೇ ಮನೆಯ ಹಿರಿಯರು.

"ಆನೆಗಾಡಿಯ ದನಿ ಇತ್ತಲ್ಲ... ಅದು ಕೇಳಿದ್ರೆ, ಯಾರೋ ಬರ್ತಿದ್ದಾರೆ, ಇನ್ನು ಎಲ್ಲ ಸರಿಹೋಗುತ್ತೆ ಅನ್ನಿಸ್ತಿತ್ತು. ಆಮೇಲೆ ಅಮ್ಮನೂ ಹುಷಾರಾಗಿ ಬಂದ್ರು. ಆದ್ರೂ ಆ ದನಿ ಮರೀಲಿಲ್ಲ."

ಅವನು ಅವಳತ್ತ ತಿರುಗಿದ. ಕಣ್ಣಂಚು ಒದ್ದೆಯಾಗಿತ್ತೇನೋ. ಕನ್ನಡಕ ತೆಗೆದು ಒರೆಸಿಕೊಂಡ.

"ಶನಿವಾರ ನಮ್ಮ ಮನೆಗೆ ಬರ್ತೀರಾ? ನಿಮಗೆ ಒಬ್ಬರ ಪರಿಚಯ ಮಾಡಿಸ್ಬೇಕು."

'ತಾಯಿಗೆ ಪರಿಚಯ ಮಾಡಿಸ್ತಾನೆ!' ಅವಳ ಎದೆ ಕುಣಿದಾಡಿತು. ಬರುತ್ತೇನೆಂದು ನೆಟ್ಟಗೆ ಹೇಳಿದಳಾದರೂ, ಅಂದು ಮುಂದಿನ ವಿದ್ಯಾರ್ಥಿಗೆ ಎಡಕ್ಕೆ ಅನ್ನುವಲ್ಲಿ ಬಲಕ್ಕೆ ಎಂದಳು.

ಶುಕ್ರವಾರ ಮಧ್ಯಾಹ್ನ ಆಫೀಸಿನಲ್ಲಿ ಅಕ್ಕ ಅವಳ ಕಾಲೆಳೆಯಲು ಕೂತಳು. ನಾಳೆ ಯಾವ ಬಟ್ಟೆ, ಮುಖದಲ್ಲೇನು ಈ ಕಳೆ, ಕನ್ನಡಕದವನು ಏನು ಮಾಟ ಮಾಡಿದ... ಯಾರ ಮುಂದೆಯೂ ತಡವರಿಸದವಳು ಅಕ್ಕನ ಮುಂದೆ ತಡವರಿಸಿದಳು. ತಪ್ಪಿಸಿಕೊಳ್ಳಲು ಬಾಯಿಗೆ ಬಂದದ್ದನ್ನು ಆಡಿಬಿಟ್ಟಳು.

"ಅಯ್ಯೋ, ಯಾರಿಗೆ ಬೇಕೇ ಅವ್ನು? ನನಗೆ ಬೇಕಾಗಿರೋದು ಆ ಗಾಡಿ. ಮನೆಗೆ ಹೋಗಿ ನಯವಾಗಿ ನಾಲ್ಕು ಮಾತಾಡಿದ್ರೆ ಗಾಡಿ ತಾನಾಗೇ ಬರುತ್ತೆ."

ಅಕ್ಕ ಬಿದ್ದು ಬಿದ್ದು ನಕ್ಕಳು. ಅರ್ಧ ತೆರೆದ ಬಾಗಿಲಾಚೆ ಯಾರೋ ಬಂದು, ನಿಂತು, ಹಿಂತಿರುಗಿದ್ದನ್ನು ಇಬ್ಬರೂ ನೋಡಲಿಲ್ಲ.

ಮರುದಿನ ಅವಳು ಆಫೀಸಿಗೆ ಬಂದಾಗ ಮೇಜಿನ ಮೇಲೆ ಆನೆಗಾಡಿ ಇತ್ತು. ಅದೇ ಕರವಸ್ತ್ರದಲ್ಲಿ.

ಅಕ್ಕನ ಮುಖ ಸಪ್ಪಗಿತ್ತು. ಅವನು ಬೆಳಿಗ್ಗೆಯೇ ಬಂದು ಕೊಟ್ಟು ಹೋದನಂತೆ. ಮೇಡಂಗೆ ಬೇಕಾಗಿದ್ದದ್ದು ಇದೇ ಅಲ್ಲವೇ, ಇನ್ನು ಮನೆಗೆ ಬರುವ ತೊಂದರೆ ಬೇಡ ಎಂದನಂತೆ. ಪಾಠಕ್ಕೂ ಬರುವುದಿಲ್ಲವಂತೆ. ನಿನ್ನೆ ಆಡಿದ ಮಾತು ಅವನ ಕಿವಿಗೆ ಬಿದ್ದಿರಬೇಕು ಎಂದಳು ಅಕ್ಕ.

ಅವಳು ಕೂತುಬಿಟ್ಟಳು. ಇಷ್ಟು ವರ್ಷ ಹುಡುಕಿದ ಗಾಡಿ ಕಣ್ಣೆದುರಿಗೇ ಇತ್ತು. ಮುಟ್ಟಲು ಕೈ ಬರಲಿಲ್ಲ.

ಅಳುತ್ತಾ ಕೂರುವ ಜಾಯಮಾನ ಅವಳದಲ್ಲ. 'ಹಾಳು ಮಾಡಿದ್ದು ನಾನು. ಸರಿ ಮಾಡೋಳೂ ನಾನೇ.' ಗಾಡಿಯನ್ನು ಕರವಸ್ತ್ರದ ಸಮೇತ ಎತ್ತಿಕೊಂಡು ಎದ್ದಳು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವಳು ಪಕ್ಕದ ಮೆಟ್ಟಿಲು ಹತ್ತಿ ಮೇಲಿನ ಮನೆಯ ಬಾಗಿಲು ತಟ್ಟಿದಳು.

"ತಾಳಪ್ಪಾ ತಾಳು, ಬಂದೆ ಬಂದೆ... ಕಾಲು ನಿಧಾನ, ಮನಸ್ಸು ಜೋರು."

ಅವಳ ಮೈ ಜುಮ್ಮೆಂದಿತು.

ಆ ದನಿ! ಸ್ವಲ್ಪ ಒಡೆದಿತ್ತು, ವಯಸ್ಸಾಗಿತ್ತು. ಆದರೆ ಅದೇ ಏರಿಳಿತ, ಮಾತಿನ ಕೊನೆಯಲ್ಲಿ ಅದೇ ನಗು. ಬಾಗಿಲು ತೆರೆದ ಹಿರಿಯ ಹೆಂಗಸು, ಹೊಸಿಲಾಚೆ ನಿಂತು ಬಿಕ್ಕುತ್ತಿದ್ದ ಹುಡುಗಿಯನ್ನು ಕಂಡು ಗಾಬರಿಯಾದರು. ಅವಳ ಕೈಯಲ್ಲಿದ್ದ ಗಾಡಿ ಕಂಡಾಗ ಯಾರೆಂದು ತಿಳಿಯಿತು.

ಒಳಗೆ ಕೂರಿಸಿ, ನೀರು ಕೊಟ್ಟು, ಅವರೇ ಹೇಳಿದರು. ಒಂದು ಕಾಲದಲ್ಲಿ ಕಾರ್ಟೂನುಗಳಿಗೆ ದನಿ ಕೊಡುತ್ತಿದ್ದರು. ಆನೆಗಾಡಿಗೆ ಬೇರೆ ಯಾರ ದನಿಯೂ ಒಪ್ಪದೆ ಕೊನೆಗೆ ಇವರನ್ನು ಮೈಕಿನ ಮುಂದೆ ನಿಲ್ಲಿಸಿದರಂತೆ. ಪರದೆಯ ಮೇಲೆ ಅವರ ಹೆಸರು ಬರಲಿಲ್ಲ. ತಾವು ಮಾತು ಕಲಿಸಿದ ಗಾಡಿಯನ್ನು ಒಮ್ಮೆ ಕೈಯಲ್ಲಿ ಹಿಡಿಯಬೇಕೆಂಬ ಆಸೆಯಿತ್ತು. ಕೊಳ್ಳೋಣ ಎನ್ನುವಷ್ಟರಲ್ಲಿ ಅಂಗಡಿಗಳಲ್ಲಿ ಆ ಆಟಿಕೆ ಬರುವುದೇ ನಿಂತುಹೋಯಿತು. ಮಗ ಊರೂರು ಹುಡುಕಿ ತಂದಿದ್ದ.

"ಮೇಡಂನ ಕರ್ಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸ್ತೀನಿ, ನೀನು ಬರೀ ಮಾತಾಡಮ್ಮ ಸಾಕು, ಅಂದಿದ್ದ. ನಿನ್ನೆಯಿಂದ ಮುಖ ಇಷ್ಟುದ್ದ ಮಾಡ್ಕೊಂಡಿದ್ದಾನೆ. ಬೆಳಿಗ್ಗೆ, ಇದನ್ನ ಅವರಿಗೇ ಕೊಟ್ಬಿಡ್ಲಾ ಅಂದ. ನಾನೂ ಹೂಂ ಅಂದೆ. ಏನಾಯ್ತಮ್ಮ?"

ಅವಳು ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದಳು. ಗಾಡಿಯನ್ನು ಅವರ ಮಡಿಲಲ್ಲಿಟ್ಟಳು. ಇನ್ನಷ್ಟು ಹೊತ್ತು ಇಬ್ಬರೂ ಮಾತಾಡಿದರು. ಅವಳು ಕಣ್ಣೊರೆಸಿಕೊಂಡು ಕೆಳಗಿಳಿದಳು.

ಗಿರಾಕಿಗಳು ಹೋಗಿದ್ದರು. ಅವನು ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದ. ಅವಳು ನೇರವಾಗಿ ಒಳಕೋಣೆಗೆ ಹೋಗಿ, ಕಣ್ಣು ತಪಾಸಣೆಯ ಕುರ್ಚಿಯಲ್ಲಿ ಕೂತಳು.

"ಕಣ್ಣು ಪರೀಕ್ಷೆ ಮಾಡಿಸ್ಬೇಕು."

ಬಂದ ಗಿರಾಕಿಯನ್ನು ಕಳಿಸುವಂತಿಲ್ಲ. ಅವನು ದುಂಡನೆಯ ಭಾರದ ಚೌಕಟ್ಟನ್ನು ಅವಳ ಮೂಗಿನ ಮೇಲೆ ಕೂರಿಸಿದ. ಗೋಡೆಯ ಮೇಲಿನ ಕೊನೇ ಸಾಲು ಓದಿ ಎಂದ.

ಅವಳು ಗೋಡೆ ನೋಡಲಿಲ್ಲ.

"ನೀವು ಕೇಳಿಸ್ಕೊಂಡಿದ್ದು ನಾನೇ ಆಡಿದ ಮಾತು. ಅಕ್ಕನ ಮುಂದೆ ನಾಚಿಕೆ ಮುಚ್ಕೊಳ್ಳೋಕೆ ಸುಳ್ಳು ಹೇಳ್ದೆ. ನಿಜ ಬೇರೆ ಇದೆ."

ಅವನು ಒಂದು ಗಾಜು ತೆಗೆದು ಇನ್ನೊಂದು ಹಾಕಿದ. "ಈಗ ಹೇಗೆ ಕಾಣುತ್ತೆ?"

"ಒಂದು ಮಾತೂ ಕೇಳ್ದೆ, ಗಾಡಿ ಕೊಟ್ಟು ಓಡಿಹೋದವರೊಬ್ಬರು ಕಾಣ್ತಿದ್ದಾರೆ."

ಅವನ ತುಟಿ ಅಲುಗಿತು. ಕೈಯಲ್ಲಿದ್ದ ಗಾಜು ಕೆಳಗಿಟ್ಟು ಹೇಳಿದ, "ನೀವು ಬೇಕಾಗಿದ್ದನ್ನ ನೇರವಾಗಿ ಕೇಳೋರು. ಗಾಡಿ ಕೇಳಿದ್ರಿ. ನನ್ನನ್ನ ಯಾವತ್ತೂ ಕೇಳಿರಲಿಲ್ಲ. ಅದಕ್ಕೇ ನಂಬಿಬಿಟ್ಟೆ."

"ಈಗ ಕೇಳ್ತಿದ್ದೀನಿ."

ಅವನು ಚೌಕಟ್ಟನ್ನು ಮೆಲ್ಲಗೆ ತೆಗೆದ. ಅದು ಒತ್ತಿ ಕೆಂಪಾಗಿದ್ದ ಅವಳ ಮೂಗಿನ ಮೇಲೆ ಹೆಬ್ಬೆರಳಾಡಿಸಿದ. ಅವಳು ಆ ಕೈಯನ್ನು ಹಿಡಿದುಕೊಂಡಳು, ಬಿಡಲಿಲ್ಲ.

"ನಾನು ಯಾವತ್ತೋ ನಿಮ್ಮವನಾಗಿಬಿಟ್ಟೆ," ಎಂದ ಅವನು. "ಹೇಳೋಕೆ ಬರ್ಲಿಲ್ಲ, ಅಷ್ಟೇ."

ಎಷ್ಟೋ ಹೊತ್ತಿನ ಮೇಲೆ ಅವನಿಗೆ ನೆನಪಾಯಿತು. "ನಡೀರಿ, ಮೇಲೆ ಹೋಗೋಣ. ಅಮ್ಮನಿಗೆ ಹೇಳ್ಬೇಕು."

"ನಾನು ಆಗ್ಲೇ ಹೇಳಿ ಬಂದೆ."

"ಹೌದಾ? ಏನಂದ್ರು?"

ಅವಳು ಅವನ ಭುಜಕ್ಕೆ ತಲೆಯಾನಿಸಿ ನಕ್ಕಳು.

"ನಾನಂತೂ ಒಪ್ಪಿದೆ, ಕೆಳಗೆ ಹೋಗಿ ಅವನಿಗೂ ಒಂದು ಮಾತು ತಿಳಿಸಿಬಿಡಮ್ಮ, ಅಂದ್ರು."